ಸೂಟ್‌ಕೇಸು ಎಳೆದುಕೊಂಡು ಊರು ನೋಡಿದ ಕೆಂಪರಾಜು

ಅಮೆರಿಕದ ನೆವಾರ್ಕ್ ನಗರದ ಕೆಂಪರಾಜುವಿಗೆ ಅನುಮಾನವೆಂದರೆ ಬೆಳಗಿನ ಕಾಫಿಯಿದ್ದಂತೆ, ಅದಿಲ್ಲದೆ ದಿನ ಶುರುವಾಗದು. ಎರಡು ಸಲ ಯಾರೋ ಕಾರಿನ ಗಾಜು ಒಡೆದು ಬ್ಯಾಗು ಎತ್ತಿಕೊಂಡು ಹೋಗಿದ್ದರು ನೋಡಿ, ಅಂದಿನಿಂದ ಕಾರಿನಲ್ಲಿ ಒಂದು ಕರ್ಚೀಫನ್ನೂ ಬಿಟ್ಟವನಲ್ಲ. ಹೆಂಡತಿ ನಿಸರ್ಗಾ ಮಕ್ಕಳ ಡಾಕ್ಟರು. ದೂರದ ಅಯೋವಾ ರಾಜ್ಯದ ಹಳ್ಳಿಗಾಡಿನ ಕೌಂಟಿಯೊಂದರ ಆಸ್ಪತ್ರೆ ಅವಳನ್ನು ಕೆಲಸಕ್ಕೆ ಕರೆದಾಗ ಇವನಿಗೆ ತಳಮಳ ಶುರುವಾಯಿತು.

"ಇಷ್ಟು ಗೋಗರೀತಾರೆ ಅಂದ್ರೆ ಏನೋ ಐಬಿರತ್ತೆ. ವೀಕೆಂಡು ಹೋಗಿ ನೋಡೇ ಬಿಡೋಣ," ಎಂದ. ಐಬು ಸಿಕ್ಕರೆ ಅವಳೇ ಬೇಡವೆನ್ನುತ್ತಾಳೆ ಎಂದು ಅವನ ಆಸೆ.

ಹೋದರು. ಅಲ್ಲಿ ಎದುರಿಗೆ ಬಂದ ಪಿಕಪ್ಪಿನವರೆಲ್ಲ ಸ್ಟೀರಿಂಗಿನ ಮೇಲಿಂದ ಬೆರಳೆತ್ತಿ ನಮಸ್ಕಾರ ಹೇಳುವರು. "ನಮ್ಮ ಗುರುತು ಇವರಿಗೆಲ್ಲಿಂದ?" ಎಂದು ಇವನು ಬಾಗಿಲು ಲಾಕ್ ಮಾಡಿದ. ರಸ್ತೆ ಬದಿಯಲ್ಲಿ ಮುಸುಕಿನ ಜೋಳದ ರಾಶಿ, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ, ಕಾಯಲು ನರಪಿಳ್ಳೆಯಿಲ್ಲ. "ಮುಟ್ಬೇಡ, ಕ್ಯಾಮೆರಾ ಇಟ್ಟಿರ್ತಾರೆ!" ಮರದ ಚಾವಣಿಯ ಹಳೇ ಸೇತುವೆ ನೋಡಲು ಇಳಿದಾಗಲೂ ಎರಡು ಸೂಟ್‌ಕೇಸು ಜೊತೆಗೇ ಬಂದವು. ಅಯ್ಯೋ ಕರ್ಮವೇ!

ಕೌಂಟಿಯ ಪುಟ್ಟ ಮ್ಯೂಸಿಯಮ್ಮಿನಲ್ಲಿ ಹಳೇ ನೇಗಿಲು, ಹಾಲಿನ ಕ್ಯಾನುಗಳ ನಡುವೆ ಆ ಸೂಟ್‌ಕೇಸುಗಳನ್ನು ದರದರ ಎಳೆದುಕೊಂಡು ಸುತ್ತಿದ. ಅದನ್ನು ಕಂಡು ಮ್ಯೂಸಿಯಂ ನೋಡಿಕೊಳ್ಳುತ್ತ ಕೂತಿದ್ದ ಅಜ್ಜಿ, ಪಾಪ, ಇವರಿಗೆ ಇರಲು ಜಾಗವಿಲ್ಲ ಎಂದುಕೊಂಡಳು. ಕಿಟಕಿಯಿಂದ ತನ್ನ ಮನೆ ತೋರಿಸಿದಳು. ಬಾಗಿಲು ತೆಗೆದೇ ಇದೆ, ಒಲೆಯ ಮೇಲೆ ಸೂಪಿದೆ, ಉಂಡು ಮಲಗಿ, ನಾನು ಐದಕ್ಕೆ ಬರುತ್ತೇನೆ ಎಂದಳು.

ನಿಸರ್ಗಾಳ ಕಣ್ಣು ತುಂಬಿತು. ಕೆಂಪರಾಜು ಅವಳ ತೋಳು ಹಿಡಿದೆಳೆದ. "ಏನೋ ಮಸಲತ್ತಿದೆ, ನಡಿ ನಡಿ!" ಅಜ್ಜಿಗೆ ಕನ್ನಡ ಬಾರದಿದ್ದರೂ ಮುಖ ಓದಲು ಬರುತ್ತಿತ್ತು. ನಿಸರ್ಗಾ ನಾಚಿಕೆಯಿಂದ ಕುಗ್ಗಿಹೋದಳು.

ನೆವಾರ್ಕಿಗೆ ಮರಳಿದ ನಾಲ್ಕನೇ ದಿನ, ನಿಸರ್ಗಾ ಸ್ನಾನಕ್ಕೆ ಹೋಗಿದ್ದಾಗ ಕೆಂಪರಾಜುವಿಗೆ ಅವಳ ಫೋನಿನಲ್ಲಿ ಆಸ್ಪತ್ರೆಗೆ ಬರೆದ ಒಪ್ಪಿಗೆ ಕಂಡಿತು.

"ನನ್ನ ಕೇಳ್ದೆ ಒಪ್ಕೊಂಡ್ಬಿಟ್ಯಾ?" ಎಂದು ಸಿಡುಕಿದ.

"ನನ್ನ ಫೋನ್ ಯಾಕ್ರೀ ನೋಡಿದ್ರಿ?"

"ಸುಮ್ನೆ."

"ಹನ್ನೊಂದು ವರ್ಷದಿಂದ ಸುಮ್ನೆ ನೋಡ್ತಿದ್ದೀರಿ. ಆ ಅಜ್ಜಿ ನಮ್ಮ ಹೆಸರೂ ಕೇಳ್ಲಿಲ್ಲ."

ಅವನ ಸಿಡುಕು ಇಳಿಯಿತು. "ಹಾಗಾದ್ರೆ... ನಾನು?"

"ನನ್ನನ್ನ ನಂಬೋಕಾಗತ್ತೆ ಅಂದ್ರೆ ಬನ್ನಿ. ಆಗಲ್ಲ ಅಂದ್ರೆ ಒಬ್ಬಳೇ ಹೋಗ್ತೀನಿ."

ನಿಸರ್ಗಾ ಒಮ್ಮೆಯೂ ಅವನಿಗೆ ಸುಳ್ಳು ಹೇಳಿದವಳಲ್ಲ. ಅದು ನೆನಪಾಗಿ ಕೆಂಪರಾಜುವಿಗೆ ನಿಜವಾಗಿಯೂ ಭಯವಾಯಿತು.