ಮೂಲೆಯ ಕರಿ ಕಾಯಿಗಳು

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ. ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಗಂಡ ಶಿರಗುಪ್ಪಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿದ್ದರು. ಕಬ್ಬು ನುರಿಸುವ ಹಂಗಾಮಿನಲ್ಲಿ ಮನೆಗೆ ಬರುವುದೇ ಅಪರೂಪ. ಅತ್ತೆಗೆ ಲಕ್ವಾ ಹೊಡೆದು ಎಡ ಮಗ್ಗಲು ಪೂರ್ತಿ ಬಿದ್ದುಹೋಗಿತ್ತು. ಮುಂಜಾನೆ ಅವರ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಶಾಲೆಗೆ ಓಡುತ್ತಿದ್ದೆ. ನಡುವೆ ನೆರೆಮನೆಯವರು ನೋಡಿಕೊಳ್ಳುತ್ತಿದ್ದರು. ಸಂಜೆ ಬಂದರೆ ಮತ್ತೆ ಅದೇ ಕೆಲಸ. ರಾತ್ರಿ ಮಲಗಿ ಎದ್ದರೂ ದಣಿವು ಇಳಿಯುತ್ತಿರಲಿಲ್ಲ.

ನಮ್ಮ ಹಿತ್ತಲ ಕಡೆಯ ಖೋಲಿಯಲ್ಲಿ ನಮ್ಮ ಶಾಲೆಯ ವಿಜ್ಞಾನದ ಟೀಚರು ಬಾಡಿಗೆಗಿದ್ದರು. ಕಾಗವಾಡದ ಜೈನ ಮನೆತನ. ಶನಿವಾರ ಊರಿಗೆ ಹೋಗಿ ಸೋಮವಾರ ಮೊದಲ ಬಸ್ಸಿಗೆ ಬರುವವರು. ಅವರ ತಮ್ಮ ಹಡಗಿನಲ್ಲಿ ಕೆಲಸಕ್ಕಿದ್ದ. ಜಪಾನಿನಿಂದ ಗೋ ಎಂಬ ಆಟದ ಹಲಗೆ, ಕರಿ-ಬಿಳಿ ಗಾಜಿನ ಕಾಯಿಗಳು, ಒಂದು ಸಮಸ್ಯೆಗಳ ಪುಸ್ತಕ ತಂದುಕೊಟ್ಟಿದ್ದ. ನಿಯಮಗಳಷ್ಟೇ ಇಂಗ್ಲಿಷಿನಲ್ಲಿದ್ದವು. ಪುಸ್ತಕವೆಲ್ಲ ಜಪಾನಿ ಲಿಪಿ, ಹಿಂದೆ ಉತ್ತರವೂ ಇರಲಿಲ್ಲ. ನಮಗೆ ತಿಳಿಯುತ್ತಿದ್ದುದು ಚಿತ್ರ ಮಾತ್ರ.

ಹೊತ್ತು ಮುಳುಗುವ ಮೊದಲೇ ಉಂಡು ಅವರು ಹಲಗೆ ಹಿಡಿದು ಬರುತ್ತಿದ್ದರು. ಅತ್ತೆ ಕೂಗಿದರೆ ಕೇಳಲೆಂದು ಪಡಸಾಲೆಯಲ್ಲೇ ಕೂರುತ್ತಿದ್ದೆವು. ಇಡೀ ಆಟ ಆಡುವಷ್ಟು ಬಿಡುವು ನನಗೆಲ್ಲಿ? ಅದಕ್ಕೇ ಒಂದೊಂದು ಸಮಸ್ಯೆ ಬಿಡಿಸುತ್ತಿದ್ದೆವು. ಹೆಚ್ಚಿನವನ್ನು ಬಿಡಿಸಿದೆವು. ಪುಸ್ತಕದ ಕೊನೆಯದೊಂದು ಮಾತ್ರ ದೀಪಾವಳಿಯಿಂದ ನಮ್ಮನ್ನು ಹಿಡಿದು ಕೂತಿತ್ತು.

ಮೂಲೆಯಲ್ಲಿ ಕೆಲವು ಕರಿ ಕಾಯಿಗಳು. ಸುತ್ತ ಬಿಳಿಯ ಮುತ್ತಿಗೆ. ಪೂರ್ತಿ ಸುತ್ತುವರಿದರೆ ಕರಿ ಸತ್ತಂತೆ. ತನ್ನೊಳಗೆ ಎರಡು ‘ಕಣ್ಣು’, ಅಂದರೆ ಬಿಳಿ ನುಗ್ಗಲಾಗದ ಖಾಲಿ ಜಾಗ, ಉಳಿಸಿಕೊಂಡರೆ ಬದುಕಿದಂತೆ. ಮೊದಲ ನಡೆ ಕರಿಯದು. ಎಲ್ಲಿಟ್ಟರೂ ಕರಿ ಸಾಯುತ್ತಿತ್ತು. ಒಂದು ದಾರಿಯಲ್ಲಿ ಮಾತ್ರ ‘ಕೋ’ ಬೀಳುತ್ತಿತ್ತು.

ಕೋ ಎಂದರೆ ಒಂದೇ ಕಾಯಿಯ ಜಗಳ. ನೀವು ನನ್ನ ಕಾಯಿ ತೆಗೆದರೆ ನಾನು ಕೂಡಲೇ ಅಲ್ಲೇ ತಿರುಗಿ ನಿಮ್ಮದನ್ನು ತೆಗೆಯುವಂತಿಲ್ಲ. ಮೊದಲು ಬೇರೆ ಕಡೆ ಒಂದು ಬೆದರಿಕೆ ಹಾಕಬೇಕು. ನೀವು ಅದಕ್ಕೆ ಉತ್ತರ ಕೊಡಲು ಹೋದರೆ ಆಗ ನಾನು ಬಂದು ತೆಗೆಯಬಹುದು. ಆಮೇಲೆ ಬೆದರಿಕೆ ಹುಡುಕುವ ಪಾಳಿ ನಿಮ್ಮದು. ನಮಗೆ ಸಿಕ್ಕ ದಾರಿಯಲ್ಲಿ ಬಿಳಿಯೇ ಮೊದಲು ತೆಗೆಯುತ್ತಿತ್ತು. ಹಾಗಾಗಿ ಸಾಯುತ್ತಿರುವ ಕರಿಯೇ ಮೊದಲು ಬೆದರಿಕೆಗಾಗಿ ಅಲೆಯಬೇಕು.

“ಇದ ಉತ್ತರ ಇರಬೇಕ್ರಿ. ಬಿಟ್ಟಬಿಡೂಣು,” ಎಂದೆ.

“ಅಲ್ರಿ ಅಕ್ಕಾರ, ಇಷ್ಟ ಆಗಿದ್ರ ಇದನ್ಯಾಕ ಕಡೀಕ ಇಡತಿದ್ರು? ಇನ್ನೂ ಏನೋ ಐತಿ,” ಎಂದು ಅವರು ಮತ್ತೆ ಕಾಯಿ ಜೋಡಿಸಿದರು.

ಒಳಗಿನಿಂದ ಅತ್ತೆಯ ತೊದಲು ದನಿ ಬಂತು: “ಏನವಾ, ಕೋಳಿ ಕರದಂಗ ದಿನಾ ಕೋ ಕೋ ಅಂತೀರಿ?”

ಟೀಚರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ನನಗೆ ನಗು ಬರಲಿಲ್ಲ. ಎದ್ದು ಹೋಗಿ ಅತ್ತೆಯ ಮಗ್ಗಲು ಬದಲಿಸಿ ಬಂದೆ.

ಪರೀಕ್ಷೆಯ ದಿನಗಳು ಬಂದವು. ಒಂದು ಸಂಜೆ ಅತ್ತೆ ಹಾಸಿಗೆಯೆಲ್ಲ ಒದ್ದೆ ಮಾಡಿಕೊಂಡಿದ್ದರು. ಅದನ್ನೆಲ್ಲ ಒಗೆದು ಹಾಕಿ ಬಂದು ಕೂತಾಗ ಕಣ್ಣು ತಾವೇ ಮುಚ್ಚುತ್ತಿದ್ದವು. ನಮ್ಮ ದಾರಿಯಲ್ಲಿ ಕರಿಯನ್ನು ಮೊದಲು ಅಂಚಿಗೆ, ಆಮೇಲೆ ಒಳಗೆ ಇಡಬೇಕು. ನಾನು ನಿದ್ದೆಗಣ್ಣಿನಲ್ಲಿ ಒಳಗಿನದನ್ನೇ ಮೊದಲು ಇಟ್ಟೆ.

“ತಪ್ಪಾತ್ರಿ,” ಎಂದು ತೆಗೆಯಹೋದೆ.

ಟೀಚರು ನನ್ನ ಕೈ ಹಿಡಿದರು. “ತಡೀರಿ, ತಡೀರಿ. ಮುಟ್ಟಬ್ಯಾಡ್ರಿ.”

ಬಿಳಿ ಅದಕ್ಕೆ ಉತ್ತರ ಕೊಡಲೇಬೇಕಿತ್ತು. ಕೊಟ್ಟಿತು. ಆಮೇಲೆ ಕರಿ ಅಂಚಿಗೆ ಬಂತು. ಜಗಳ ಅದೇ, ಜಾಗವೂ ಅದೇ. ಆದರೆ ಈಗ ಮೊದಲು ತೆಗೆಯುವುದು ಕರಿ. ಬೆದರಿಕೆ ಹುಡುಕಿಕೊಂಡು ಹೋಗಬೇಕಾದದ್ದು ಬಿಳಿ. ಬಿಳಿಗೆ ಬೇರೆ ದಾರಿ ಇದೆಯೇ ಎಂದು ಅವರು ಒಂದೊಂದಾಗಿ ಇಟ್ಟು ನೋಡಿದರು. ಇರಲಿಲ್ಲ.

“ಸಿಕ್ತ್ರಿ ಅಕ್ಕಾರ! ಸಿಕ್ಕಬಿಡ್ತ!” ಎಂದು ಅವರು ನನ್ನ ಭುಜ ಹಿಡಿದು ಅಲುಗಿಸಿದರು. ಅವರ ಕಣ್ಣು ತುಂಬಿದ್ದವು. ನಾನು ಹೌದ್ರಿ ಎಂದೆ. ಸಂತೋಷವಾಗಬೇಕಿತ್ತು ಎಂದು ಗೊತ್ತಿತ್ತು. ಗೋಡೆಗೆ ಒರಗಿದರೆ ಸಾಕೆನಿಸಿತ್ತು.

ಟೀಚರು ಹೋದ ಮೇಲೆ ನೀರು ಕುಡಿಸುವಾಗ ಅತ್ತೆ ಕೇಳಿದರು, “ಯಾರ ಗೆದ್ರು?”

“ಯಾರೂ ಗೆದ್ದಿಲ್ರಿ ಅತ್ತಿ. ಜಗಳ ಇನ್ನೂ ಐತಿ. ಕರೀದಕ ಒಂದೀಟ ಅನುಕೂಲ ಆಗೇತಿ, ಅಷ್ಟ.”

“ಹಂಗಾರ ಬಾಳ ಆತ ಬಿಡ,” ಎಂದು ಅತ್ತೆ ಬಲಗೈಯಿಂದ ನನ್ನ ಮೊಣಕೈ ಸವರಿದರು. “ನೀ ಮಕ್ಕೋ ಹೋಗ ತಂಗಿ. ನಾ ಕರಿಯೂದಿಲ್ಲ.”

ನಾನು ಅಲ್ಲೇ ಅವರ ಹೊರಸಿನ ಪಕ್ಕ ಚಾಪೆ ಹಾಸಿ ಮಲಗಿದೆ. ಬೇಸಿಗೆ ರಜೆಯಲ್ಲಿ ಟೀಚರಿಗೆ ಅಥಣಿಗೆ ವರ್ಗವಾಯಿತು. ಹೋಗುವಾಗ ಹಲಗೆ ಇಟ್ಟುಕೊಳ್ಳಿರೆಂದು ಒತ್ತಾಯ ಮಾಡಿದರು. ನನ್ನ ಜೊತೆ ಆಡುವವರು ಯಾರು ಎಂದು ಬಸ್ ಸ್ಟ್ಯಾಂಡಿನವರೆಗೂ ನಾನೇ ಹೊತ್ತುಕೊಂಡು ಹೋಗಿ ಅವರ ಸೀಟಿನ ಮೇಲೆ ಇಟ್ಟುಬಂದೆ.