ಸದ್ದಿಲ್ಲದ ಕೂಡಿಕೆ

ಬೇತಮಂಗಲದ ಹತ್ತಿರದ ನಮ್ಮೂರಿನಲ್ಲಿ ಕಾನೂನು ಓದಿದವರು ಒಬ್ಬರೂ ಇರಲಿಲ್ಲ. ಹೇಳುವವರು ಮಾತ್ರ ಬೆಳಗಾದರೆ ಹಾಲಿನ ಡೇರಿ ಮುಂದೆ ಸಾಲಾಗಿ ನಿಂತಿರುತ್ತಿದ್ದರು. ಅಪ್ಪನಿಗೂ ಅಮ್ಮನಿಗೂ ಕೋರ್ಟಿನಲ್ಲಿ ವಿಚ್ಛೇದನವಾದಾಗ, ನನ್ನ ಖರ್ಚಿಗೆಂದು ಅಪ್ಪ ತಿಂಗಳು ತಿಂಗಳು ದುಡ್ಡು ಕೊಡಬೇಕೆಂದು ತೀರ್ಪಾಗಿತ್ತು. ಅದರಲ್ಲೇ ನನ್ನ ಶಾಲೆ ನಡೆಯುತ್ತಿತ್ತು. ಅಮ್ಮ ಎರಡು ಹಸು ಕಟ್ಟಿಕೊಂಡು ಅಜ್ಜಿಯ ಮನೆಯಲ್ಲಿದ್ದಳು. ಡೇರಿ ಮುಂದಿನ ವಕೀಲರೆಲ್ಲರದೂ ಒಂದೇ ಮಾತು: ಅವಳು ಇನ್ನೊಬ್ಬನ ಸೀರೆ ಉಟ್ಟ ದಿನವೇ ಮಗುವಿನ ದುಡ್ಡು ನಿಲ್ಲುತ್ತದೆ, ಮಗುವೂ ಅಪ್ಪನ ಪಾಲಾಗುತ್ತದೆ.

ಆದರೂ ಅಮ್ಮ ಉಟ್ಟಳು. ನಮ್ಮ ಕಡೆ ಗಂಡನನ್ನು ಬಿಟ್ಟವಳಿಗೆ, ಕಳೆದುಕೊಂಡವಳಿಗೆ ಆಗುವ ಎರಡನೇ ಮದುವೆಗೆ ಕೂಡಿಕೆ ಅನ್ನುತ್ತಾರೆ. ಓಲಗವಿಲ್ಲ, ಚಪ್ಪರವಿಲ್ಲ, ಗಂಡು ಕೊಟ್ಟ ಸೀರೆಯನ್ನು ಹೆಣ್ಣು ಉಟ್ಟು ಬಂದು ಎಲೆಅಡಿಕೆ ತೆಗೆದುಕೊಂಡರೆ ಮುಗಿಯಿತು. ಊರಿನ ನಾಲ್ಕು ಜನ ಹಿರಿಯರಾದರೂ ನೋಡಬೇಕು. ಅಮ್ಮನದನ್ನು ಅಜ್ಜಿ, ನಾನು, ಎರಡು ಹಸುಗಳು ನೋಡಿದೆವು. ಗಂಡು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನವನು, ಹೆಂಡತಿ ತೀರಿಕೊಂಡಿದ್ದವನು, ಊರೂರು ತಿರುಗಿ ಪಂಪ್‌ಸೆಟ್ ರಿಪೇರಿ ಮಾಡುತ್ತಿದ್ದ. ಅವನು ಬಂದರೆ ಅಮ್ಮ ನಗುತ್ತಿದ್ದಳು. ನಾನು ಮಾಮ ಅನ್ನುತ್ತಿದ್ದೆ, ಅದೂ ಬಾಗಿಲು ಹಾಕಿದ ಮೇಲೆ.

ಅಂದೇ ಅಜ್ಜಿ ನನ್ನ ಗಲ್ಲ ಹಿಡಿದು ಹೇಳಿದ್ದಳು. "ಇವ್ನು ಯಾರಮ್ಮೀ ಅಂತ ಯಾರಾನಾ ಕೇಳಿದ್ರೆ ಗೊತ್ತಿಲ್ಲ ಅನ್ಬೇಕು. ಬಾಯಿ ಬಿಟ್ಯೋ, ನಿಮ್ಮಪ್ಪ ಬಂದು ಎತ್ಕೊಂಡೋಗ್ತಾನೆ. ನಿಮ್ಮಮ್ಮನ ಮೊಕ ಇನ್ನ ನೋಡಂಗಿಲ್ಲ."

ಅಪ್ಪನೆಂದರೆ ನನಗೆ ನೆನಪಿದ್ದುದು ಬಾಗಿಲು ಒದೆಯುವ ಸದ್ದು. ಹಾಗಾಗಿ ಅಜ್ಜಿಯ ಮಾತು ಎದೆಯಲ್ಲಿ ನಾಟಿಕೊಂಡಿತು. ಮಾಮ ಮೊಪೆಡ್ಡಿನಲ್ಲಿ ನನ್ನನ್ನು ಶಾಲೆಗೆ ಬಿಡುತ್ತಿದ್ದ. ಒಂದು ದಿನ ಟೀಚರು, ಯಾರೇ ಅದು ಅಂದರು. ಗೊತ್ತಿಲ್ಲ ಮಿಸ್, ದಿನಾ ಕೂರಿಸಿಕೊಂಡು ಬರುತ್ತಾರೆ, ಅಂದೆ. ಪಾಪ, ಆಕೆ ನನಗಿಂತ ಜಾಸ್ತಿ ಹೆದರಿ ಅಮ್ಮನಿಗೆ ಫೋನು ಮಾಡಿದರು. ಈಗ ನೆನೆದರೆ ನಗು ಬರುತ್ತದೆ. ಅಂದು ಮಧ್ಯಾಹ್ನವೆಲ್ಲ, ಅಪ್ಪ ಬಂದನೇನೋ ಎಂದು ಶಾಲೆಯ ಗೇಟನ್ನೇ ನೋಡುತ್ತಾ ಕೂತಿದ್ದೆ.

ಒಂದು ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾವು ಮೂವರೂ ಒಂದೇ ಬೆಂಚಿನ ಮೇಲೆ ಕೂತು ಬೋಂಡ ತಿನ್ನುತ್ತಿದ್ದೆವು. ಬೆಂಗಳೂರಿನ ರೈಲಿನಿಂದ ಅಪ್ಪ ಇಳಿದ. ಮೊದಲು ನೋಡಿದವಳು ನಾನೇ, ಮಾಮನ ಪಕ್ಕದಿಂದ ಸರಿದು ಕೂತೆ. ಅವನು ಕೂಗಾಡಲಿಲ್ಲ, ಹತ್ತಿರವೂ ಬರಲಿಲ್ಲ. ಮಾಮನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿ ನಕ್ಕು ಹೊರಟುಹೋದ. ಅವನು ಬಾಗಿಲು ಒದ್ದಾಗಲೂ ನಾನು ಅಷ್ಟು ಹೆದರಿರಲಿಲ್ಲ.

ಹೆದರಿದವರ ಮೇಲೆ ಹಾವೆಸೆದ ಹಾಗೆ ಸ್ವಲ್ಪ ದಿನಕ್ಕೇ ನೋಟಿಸು ಬಂತು. ಅವಳಿಗೆ ಬೇರೆ ಮದುವೆಯಾಗಿದೆ, ಇನ್ನು ನಾನು ಕೊಡಬೇಕಾಗಿಲ್ಲ ಎಂದು ಅಪ್ಪ ಅರ್ಜಿ ಹಾಕಿದ್ದ. ಅಜ್ಜಿ, ಬಾಯಿ ಬಿಟ್ಟೆಯಾ ಎಂಬಂತೆ ನನ್ನನ್ನೇ ದಿಟ್ಟಿಸಿದಳು. ನಾನು ನನ್ನ ಬಟ್ಟೆಗಳನ್ನೆಲ್ಲ ಒಯ್ದು ಹುಲ್ಲಿನ ಬಣವೆಯೊಳಗೆ ತುರುಕಿ ಬಂದೆ. ಬಟ್ಟೆಯಿಲ್ಲದವಳನ್ನು ಯಾರು ತಾನೆ ಕರೆದುಕೊಂಡು ಹೋಗುತ್ತಾರೆ ಎಂಬುದು ನನ್ನ ಲೆಕ್ಕ.

ಕೆಜಿಎಫ್ ಕೋರ್ಟಿನಲ್ಲಿ ಅಪ್ಪ ಒಂದು ಪಕ್ಕ, ನಾವು ಒಂದು ಪಕ್ಕ, ಬಾಗಿಲ ಹತ್ತಿರ ಮಾಮ. ಜಡ್ಜಮ್ಮ ನನ್ನನ್ನು ಹತ್ತಿರ ಕರೆದು ಮಾಮನತ್ತ ಕೈ ತೋರಿಸಿ, "ಅವರು ಯಾರು ಪುಟ್ಟಿ?" ಅಂದರು.

"ಗೊತ್ತಿಲ್ಲ," ಅಂದೆ.

ಅಮ್ಮ ಸೆರಗು ಬಾಯಿಗೊತ್ತಿಕೊಂಡಳು. ಆಮೇಲೆ ತಡೆಯಲಾರದೆ, "ಮಗಿನ ಕೈಲಿ ಸುಳ್ಳು ಯೋಳ್ಸಿದ್ದು ಸಾಕು. ನನ್ ಗಂಡ ಕಣಮ್ಮ ಅವ್ನು. ಕೂಡಿಕೆ ಆಗೈತೆ," ಅಂದುಬಿಟ್ಟಳು. ಮುಗಿಯಿತು, ಈಗ ಎಳೆದುಕೊಂಡು ಹೋಗುತ್ತಾರೆ ಎಂದು ಮೇಜಿನ ಕಾಲು ಹಿಡಿದುಕೊಂಡೆ.

ಜಡ್ಜಮ್ಮ ಅಪ್ಪನ ಕಡೆ ತಿರುಗಿದರು. "ಮತ್ತೆ ಮದುವೆಯಾದರೆ ನಿಲ್ಲುವುದು ಹೆಂಡತಿಗೆ ಕೊಡುವುದು. ಮಗುವಿಗೆ ಕೊಡುವುದು ನಿಲ್ಲುವುದಿಲ್ಲ. ನಿಮಗೂ ಇನ್ನೊಂದು ಮದುವೆಯಾಗಿದೆಯಲ್ಲ, ಅಷ್ಟಕ್ಕೇ ಇವಳ ತಂದೆಯಲ್ಲದೆ ಹೋದಿರಾ?" ನನ್ನ ತಲೆ ಸವರಿ, "ನೀನು ಎಲ್ಲಿಗೂ ಹೋಗಬೇಕಿಲ್ಲ, ಅಮ್ಮನ ಹತ್ತಿರವೇ ಇರುತ್ತೀಯ," ಅಂದರು.

ಅಷ್ಟೇ. ಇಷ್ಟು ಮಾತಿಗೆ ನಾವು ವರ್ಷಗಟ್ಟಲೆ ಬಾಗಿಲು ಹಾಕಿಕೊಂಡು ಬದುಕಿದ್ದೆವು. ಆ ಡೇರಿ ಮುಂದಿನ ವಕೀಲರನ್ನು ಒಬ್ಬೊಬ್ಬರನ್ನಾಗಿ ನಮ್ಮ ಹಸುಗಳ ಕಲಗಚ್ಚಿನ ಬಾನಿಯಲ್ಲಿ ಅದ್ದಿ ತೆಗೆಯಬೇಕು ಎಂದು ನನಗೆ ಈಗಲೂ ಅನ್ನಿಸುತ್ತದೆ.

"ಈಗ ಹೇಳು ಪುಟ್ಟಿ, ಅವರು ಯಾರು?" ಜಡ್ಜಮ್ಮ ನಗುತ್ತಾ ಇನ್ನೊಮ್ಮೆ ಕೇಳಿದರು. ಮಾಮ ನನ್ನನ್ನೇ ನೋಡುತ್ತಿದ್ದ. ಹೇಳಬೇಕೆಂದು ನನಗೆ ತುಂಬಾ ಆಸೆಯಿತ್ತು. ಆದರೆ ಅಪ್ಪ ಅದೇ ಕೋಣೆಯಲ್ಲಿದ್ದ. ತಲೆ ಬಗ್ಗಿಸಿ, ಗೊತ್ತಿಲ್ಲ ಅಂದೆ.

ಬಾಗಿಲ ಹತ್ತಿರದಿಂದ ಮಾಮ ಕೈ ಮುಗಿದ.

"ಬುಡಿ ಅಮ್ಮಾವ್ರೇ, ಮಗು ಎದ್ರುಕೊಂಡೈತೆ. ನಾನ್ಯಾರು ಅಂತ ಅದಕ್ಕೆ ಗೊತ್ತು."