ಗಟಾರದವರು

“ಗಟಾರಕ್ಕ ಚಪ್ಪಡಿ ಹಾಕಿಸೀವ್ರಿ, ಇನ್ನ ಸೊಳ್ಳಿ ಕಾಟ ಇರಂಗಿಲ್ಲ,” ಎಂದು ಹೊಸ ಲೇಔಟಿನ ಮೇಸ್ತ್ರಿ ಹೆಮ್ಮೆಯಿಂದ ಹೇಳಿದಾಗ ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವನು ಮುಚ್ಚಿಸಿದ್ದು ಕಂಪ್ಲಿಯ ನಮ್ಮ ಗದ್ದೆಗಳಿಗೆ ನೀರುಣಿಸುವ ಕಾಲುವೆಯನ್ನು! ಚಪ್ಪಡಿಯಡಿ ಬಿದ್ದ ಕಲ್ಲುಮಣ್ಣಿಗೆ ನೀರು ಕಟ್ಟಿಕೊಂಡು, ಕೆಳಗೆ ಆಗಷ್ಟೇ ನಾಟಿ ಮಾಡಿದ ಭತ್ತದ ಸಸಿ ಬಾಡುತ್ತಿತ್ತು.

ಪಕ್ಕದ ಗದ್ದೆಯ ಶಂಕ್ರಮ್ಮ ಆ ಚಪ್ಪಡಿಯ ಮೇಲೆಯೇ ಕುಳಿತುಬಿಟ್ಟರು. “ಮುಂಜಾನಿ ಉಂಡು ಬಂದೀಯಲ್ಲಪ್ಪ, ಆ ಅನ್ನ ಇದೇ ಗಟಾರದ್ದು! ಮೊದ್ಲು ಇದನ್ನ ತಗಿ.”

ಸಂಜೆಯೊಳಗೆ ಕಾಲುವೆಯ ಕೆಳಗಿನ ರೈತರೆಲ್ಲ ಅಲ್ಲಿ ಸೇರಿ ಚಪ್ಪಡಿ ಎತ್ತಿಸಿ, ಮಣ್ಣು ತೆಗೆಸಿ ನೀರು ಹರಿಸಿದೆವು. ಕೃಷಿಭೂಮಿ ಉಳಿಸುವ ನಮ್ಮ ಸಂಘ ಹುಟ್ಟಿದ್ದೇ ಹಾಗೆ.

ಚೆಂದದ ಹೆಸರಿಟ್ಟು ನೋಂದಾಯಿಸಿದರೆ ಏನು ಬಂತು? ಗದ್ದೆಯಲ್ಲಿ ಸೈಟಿನ ಕಲ್ಲು ಕಂಡವರು ಇಂದಿಗೂ ಫೋನು ಮಾಡಿ ಕೇಳುವುದು ಒಂದೇ: “ಗಟಾರದವ್ರೇನ್ರಿ? ಜಲ್ದಿ ಬರ್ರಿ!”